ಬಂದ್ರ ಬಸ್ಸು, ಇಲ್ಲಂದ್ರ ಟಂಟಂ

"ಟರ್ನರಿ ಆಪರೇಟರ್ ಅಂದ್ರೇನು?" ಅಂತ ವೈವಾದಲ್ಲಿ ಕೇಳಿದರೆ ನಾವೆಲ್ಲ ಥಟ್ಟನೆ ಕೊಡುವ ಉತ್ತರ ಒಂದೇ: "ಇಫ್-ಎಲ್ಸ್‌ನ ಶಾರ್ಟ್ ಫಾರ್ಮ್ ಸರ್." ಮಾರ್ಕ್ಸ್ ಬರುತ್ತೆ. ಆದರೆ ಮುಖ್ಯ ವಿಷಯ ಅದರಲ್ಲಿ ಬಿಟ್ಟೇ ಹೋಗಿರುತ್ತೆ. ಅದನ್ನ ಹಿಡಿಯೋಕೆ ನಮ್ಮ ಸಾವಳಗಿ ಮಾತು ಸಾಕು.

ಊರಲ್ಲಿ ಯಾರಾದರೂ "ಜಮಖಂಡಿಗೆ ಹೆಂಗ ಹೋಗ್ತೀರಿ?" ಅಂದರೆ ನಾವು ಹೇಳೋದು: "ಬಸ್ ಬಂದ್ರ ಬಸ್ಸು, ಇಲ್ಲಂದ್ರ ಟಂಟಂ." ಇದನ್ನೇ ಸಿ ಭಾಷೆಯ ರೀತಿಯಲ್ಲಿ ಬರೆಯೋಣ. ಓದೋಕೆ ಸುಲಭ ಆಗಲಿ ಅಂತ ಹೆಸರುಗಳು ಕನ್ನಡದಲ್ಲಿವೆ.

ಗಾಡಿ = ಬಸ್_ಬಂತು ? ಬಸ್ಸು : ಟಂಟಂ;

ಪ್ರಶ್ನೆ ಚಿಹ್ನೆ ಅಂದರೆ "ಬಂದ್ರ" ಅನ್ನೋದರ ಕೊನೆಯ "ರ". ಕೋಲನ್ ಅಂದರೆ "ಇಲ್ಲಂದ್ರ". ಪದಗಳ ಕ್ರಮ ಕೂಡ ಬದಲಾಗಲಿಲ್ಲ.

ಇಲ್ಲಿ ಕೇಳಿದ್ದು ಪ್ರಶ್ನೆ, ಕೊಟ್ಟಿದ್ದು ಉತ್ತರ. ಅಂದರೆ ಇಡೀ ಸಾಲಿಗೆ ಒಂದು ವ್ಯಾಲ್ಯೂ ಇದೆ: ಬಸ್ಸು ಅಥವಾ ಟಂಟಂ. ಇಫ್-ಎಲ್ಸ್ ಹಂಗಲ್ಲ. ಅದು ಅವ್ವ ಹೇಳುವ ಮಾತಿನಂತೆ: "ಬಸ್ ಬಂದ್ರ ಹತ್ರಿ, ಇಲ್ಲಂದ್ರ ಮನಿಗೆ ಬರ್ರಿ." ಅದು ಅಪ್ಪಣೆ. ಸಿ ಭಾಷೆಯಲ್ಲಿ ಅಪ್ಪಣೆಯನ್ನ ವೇರಿಯಬಲ್ ಒಳಗೆ ಇಡೋಕೆ ಬರಲ್ಲ. ಟರ್ನರಿಯನ್ನಾದರೆ ರಿಟರ್ನ್ ಮುಂದೆ, ಪ್ರಿಂಟ್‌ಎಫ್ ಒಳಗೆ, ಎಲ್ಲಿ ವ್ಯಾಲ್ಯೂ ಬೇಕೋ ಅಲ್ಲಿ ಇಡಬಹುದು. ಇನ್ನೊಂದು: ಬಸ್ ಬಂದರೆ ಟಂಟಂನವನನ್ನ ಯಾರೂ ಕರೆಯಲ್ಲ. ಟರ್ನರಿಯಲ್ಲೂ ಎರಡರಲ್ಲಿ ಒಂದು ಕಡೆ ಮಾತ್ರ ರನ್ ಆಗುತ್ತೆ.

ಪೈಥಾನ್‌ಗೆ ಈ ಸೌಲಭ್ಯ ಬಂದದ್ದು 2006ರಲ್ಲಿ, 2.5ನೇ ಆವೃತ್ತಿಯಲ್ಲಿ. ಅಲ್ಲಿ ಕ್ರಮ ಬೇರೆ:

ಗಾಡಿ = ಬಸ್ಸು ಇಫ್ ಬಸ್_ಬಂತು ಎಲ್ಸ್ ಟಂಟಂ

ಉತ್ತರ ಮೊದಲು, ಷರತ್ತು ಆಮೇಲೆ. ಇದು ಇಂಗ್ಲಿಷ್ ಮಾತಿನ ಧಾಟಿ. ನಮ್ಮ ಕಿವಿಗೆ ಸಿ ಭಾಷೆಯದ್ದೇ ಹತ್ತಿರ.

ಹಾಗಂತ ಎಲ್ಲಾ ಕಡೆ ತುರುಕಬಾರದು. "ಬಸ್ ಬಂದ್ರ ಬಸ್ಸು, ಇಲ್ಲಂದ್ರ ಟಂಟಂ ಸಿಕ್ರ ಟಂಟಂ, ಇಲ್ಲಂದ್ರ ಮಾಮಾ ಊರಾಗಿದ್ರ ಮಾಮಾನ ಬೈಕು, ಇಲ್ಲಂದ್ರ..." ಕೇಳುವವರು ನಡುವೆಯೇ ಕೈಬಿಡುತ್ತಾರೆ. ಕೋಡ್ ಓದುವವರೂ ಅಷ್ಟೇ. ಹೀಗೆ ಗೋಜಲು ಆಗುತ್ತೆ ಅಂತಲೇ ಗೋ ಭಾಷೆ ಮಾಡಿದವರು ಟರ್ನರಿಯನ್ನ ಸೇರಿಸಲೇ ಇಲ್ಲ.

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕ್ಲಾಸಿನಲ್ಲಿ ಡೆಫಿನಿಷನ್ ಬೇಗ ಬಾಯಿಗೆ ಬರುತ್ತೆ, ಅದಕ್ಕೇ ಬುದ್ಧಿವಂತರು ಅನ್ನಿಸಿಕೊಳ್ಳುತ್ತೇವೆ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರುತ್ತಾರೆ. ಆದರೆ ಆ ಪ್ರಶ್ನೆ ಚಿಹ್ನೆ, ಆ ಕೋಲನ್ ಎರಡನ್ನೂ ಅವರು ಬಾಲವಾಡಿಗೆ ಹೋಗೋ ಮೊದಲಿಂದಲೇ ಆಡುತ್ತಾ ಬಂದಿದ್ದಾರೆ. ಮುಂದಿನ ಲ್ಯಾಬಲ್ಲಿ ಪಕ್ಕದವರಿಗೆ ಅರ್ಥ ಆಗಲಿಲ್ಲ ಅಂದರೆ ಸಿಂಟ್ಯಾಕ್ಸ್ ಆಮೇಲೆ ಹೇಳೋಣ. ಮೊದಲು ಕೇಳೋಣ: "ಊರಿಗೆ ಹೆಂಗ ಹೋಗ್ತೀರಿ?"