ಬಾಗಿಲು ತೆರೆಯುವುದು ಬೇರೆ, ಕೀಲಿ ಕೊಡುವುದು ಬೇರೆ



ನಮ್ಮ ತಾಯಿಯವರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಅವರು ಹಾಡಿದ ಬೀಸುವ ಪದಗಳಿದ್ದ ಆರು ಕ್ಯಾಸೆಟ್ಟುಗಳನ್ನು ಹುಬ್ಬಳ್ಳಿಯ ನಮ್ಮ ಮನೆಯ ಹಳೆಯ ಗಣಕಯಂತ್ರಕ್ಕೆ ಇಳಿಸಿಟ್ಟೆನು. ಜೆಲ್ಲಿಫಿನ್ ಎಂಬ ತಂತ್ರಾಂಶವು ಅವನ್ನು ಮನೆಯ ಎಲ್ಲ ಸಾಧನಗಳಿಗೂ ಕೇಳಿಸುತ್ತದೆ. ಅದಕ್ಕೆ ಹಣ ತೆರಬೇಕಿಲ್ಲ. ಸಂಗ್ರಹವನ್ನು ಪರರ ವಶಕ್ಕೆ ಒಪ್ಪಿಸಬೇಕಾಗಿಯೂ ಇಲ್ಲ.

ಮೆಲ್ಬರ್ನಿನಲ್ಲಿರುವ ಮಗಳು, "ಅಪ್ಪಾ, ಅಜ್ಜಿಯ ದನಿಯನ್ನು ಮಗುವಿಗೆ ಕೇಳಿಸಬೇಕು" ಎಂದಳು. ಆತುರದಲ್ಲಿ ನಾನು ಮಾಡಿದುದೇನು? ಮನೆಯ ರೂಟರಿನಲ್ಲಿ 8096ನೆಯ ದ್ವಾರವನ್ನು ಲೋಕಕ್ಕೆಲ್ಲ ತೆರೆದಿಟ್ಟೆನು. ಗುಪ್ತಪದವೋ, ಮೊಮ್ಮಗಳ ಹೆಸರು! ಹಾಗೆ ತೆರೆದ ದಾರಿಯಲ್ಲಿ ಗುಪ್ತಪದವು ಅಂಚೆ ಕಾರ್ಡಿನ ಬರಹದಂತೆ ಮರೆಯಿಲ್ಲದೆ ಸಾಗುವುದೆಂಬುದೂ ನನಗೆ ಹೊಳೆಯಲಿಲ್ಲ. ಮೂರು ವಾರಗಳ ತರುವಾಯ ದಾಖಲೆಯನ್ನು ತೆರೆದು ನೋಡಿದರೆ, ಅಪರಿಚಿತ ವಿಳಾಸಗಳಿಂದ ಒಳನುಗ್ಗುವ ವಿಫಲ ಯತ್ನಗಳು ಪುಟಗಟ್ಟಲೆ ಇದ್ದವು. ನಮ್ಮನ್ನೇ ಗುರಿಯಿಟ್ಟು ಬಂದವರಲ್ಲ. ತೆರೆದ ದ್ವಾರಗಳನ್ನು ಹಗಲಿರುಳು ಹುಡುಕುವ ಯಂತ್ರಗಳವು. ಆದರೂ ಆ ರಾತ್ರಿ ನಿದ್ರೆ ಬರಲಿಲ್ಲ. ತಾಯಿಯ ದನಿಯಿದ್ದ ಮನೆಯ ಅಗುಳಿಯನ್ನು ತೆಗೆದವನು ನಾನೇ.

ಮರುದಿನವೇ ಆ ದ್ವಾರವನ್ನು ಮುಚ್ಚಿ, ವೈರ್‌ಗಾರ್ಡ್ ಎಂಬ ಸುರಂಗದ ಏರ್ಪಾಡನ್ನು ಮಾಡಿಕೊಂಡೆನು. 2020ರಲ್ಲಿ ಲಿನಕ್ಸಿನ ತಿರುಳಿನಲ್ಲಿಯೇ ಸೇರಿದ ಸಾಧನವಿದು. ಇಲ್ಲಿ ಪ್ರತಿಯೊಂದು ಫೋನಿಗೂ ಕೀಲಿಗಳ ಜೋಡಿಯೊಂದು. ಗುಪ್ತ ಕೀಲಿಯು ಆ ಫೋನಿನಲ್ಲಿಯೇ ಉಳಿಯುವುದು. ಬಹಿರಂಗ ಕೀಲಿಯನ್ನು ಮಾತ್ರ ಮನೆಯ ಯಂತ್ರಕ್ಕೆ ತಿಳಿಸುವುದು. ಇದಕ್ಕೂ ರೂಟರಿನಲ್ಲಿ ಒಂದು ದ್ವಾರ ಬೇಕೆಂಬುದು ನಿಜ. ಆದರೆ ಪರಿಚಿತ ಕೀಲಿಯಿಲ್ಲದವನು ತಟ್ಟಿದರೆ ಅದು ಮಾರುತ್ತರವನ್ನೇ ಕೊಡದು. ಅಲ್ಲಿ ಬಾಗಿಲಿದೆಯೆಂಬುದೇ ಅವನಿಗೆ ತಿಳಿಯದು. ಕಳೆದ ವರ್ಷ ಮಗಳ ಫೋನು ಕಳೆದುಹೋದಾಗ ಆ ಒಂದು ಕೀಲಿಯನ್ನು ಅಳಿಸಿದೆನು. ಉಳಿದವರಾರಿಗೂ ತೊಂದರೆಯಾಗಲಿಲ್ಲ.

ವಾಚಕರೇ, ನಿಮ್ಮ ಮನೆಗಳಲ್ಲಿಯೂ ಹಿರಿಯರ ದನಿಗಳು, ಚಿತ್ರಗಳು ಇರಬಹುದು. ದೂರದ ಮಕ್ಕಳಿಗೆ ಅವನ್ನು ಅವಶ್ಯವಾಗಿ ತಲುಪಿಸಿರಿ. ಬೇಕಾದವರಿಗೆ ಕೀಲಿ ಕೊಡಿರಿ, ಊರಿಗೆಲ್ಲ ಬಾಗಿಲು ತೆರೆಯದಿರಿ. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸಿರಿ. ಬೀಗವು ಕಳ್ಳನನ್ನು ತಡೆದೀತೇ ಹೊರತು ಯಂತ್ರ ಕೆಡುವುದನ್ನು ತಡೆಯದು. ಆದುದರಿಂದ ಇನ್ನೊಂದು ಪ್ರತಿಯನ್ನು ಬೇರೆಡೆಯಲ್ಲಿ ಇರಿಸಿರಿ.

ಮಧ್ಯಾಹ್ನದ ಊಟವಾದ ಮೇಲೆ ಮೂಲೆಯ ಯಂತ್ರದ ದೀಪ ಮಿನುಗತೊಡಗಿದರೆ, ಮೆಲ್ಬರ್ನಿನಲ್ಲಿ ಮೊಮ್ಮಗಳು ಮಲಗುವ ವೇಳೆಯಾಯಿತೆಂದು ತಿಳಿಯುತ್ತೇನೆ. ಅವಳು ಮುತ್ತಜ್ಜಿಯ ಪದ ಕೇಳುತ್ತಿದ್ದಾಳೆ.