ಶನಿವಾರ ಮಧ್ಯಾಹ್ನದ ಬ್ಯೋಮಕೇಶ

ನಮ್ಮ ಭಾಗದ ಮಾಸ್ತರರು ನಾಲ್ಕು ಜನ ಒಂದೆಡೆ ಕೂಡಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮೂರು ವಿಷಯಗಳಿಗೇ ಬಂದು ನಿಲ್ಲುತ್ತದೆ: ಬದಲಿ, ಪಗಾರ, ಪಟಸಂಖ್ಯೆ. ಕನ್ನಡ ಶಾಲೆಗೆ ಈ ವರ್ಷ ಒಂದನೇ ಇಯತ್ತೆಗೆ ಎಷ್ಟು ಮಕ್ಕಳು ಬಂದವು ಎಂಬ ಚಿಂತೆ ನಮಗೆ ಜ್ವರದ ಹಾಗೆ ಜೂನ್ ತಿಂಗಳಲ್ಲಿ ಏರುತ್ತದೆ. ಆದರೆ ಚಪಳಗಾಂವದಲ್ಲಿ ನಾವು ಕೆಲವರು ಸೇರಿದರೆ ನಾಲ್ಕನೆಯ ವಿಷಯ ಒಂದಿದೆ. ಅದು ಬ್ಯೋಮಕೇಶ ಬಕ್ಷಿ. ನಗಬೇಡಿ! ಅಕ್ಕಲಕೋಟ ತಾಲೂಕಿನ ಕನ್ನಡ ಮಾಸ್ತರರಿಗೂ ಕಲಕತ್ತೆಯ ಪತ್ತೇದಾರನಿಗೂ ಏನು ನಂಟು ಎಂದು ಕೇಳುತ್ತೀರಲ್ಲ, ಅದನ್ನು ಹೇಳಲಿಕ್ಕೇ ಈ ಬರಹ.

ಗೊತ್ತಿಲ್ಲದವರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಬಂಗಾಲಿ ಲೇಖಕ ಶರದಿಂದು ಬಂದೋಪಾಧ್ಯಾಯರು 1932ರಿಂದ ಬರೆಯತೊಡಗಿದ ಕಥೆಗಳ ನಾಯಕ ಈ ಬ್ಯೋಮಕೇಶ. ಪೂರ್ತಿಯಾದ ಕಥೆಗಳು 32, ಅರ್ಧಕ್ಕೆ ನಿಂತದ್ದು ಒಂದು. ಸಿನಿಮಾಕ್ಕೆ ಬರೆಯಲು 1938ರಲ್ಲಿ ಮುಂಬಯಿಗೆ ಬಂದ ಶರದಿಂದು 1952ರಲ್ಲಿ ಪುಣೆಗೆ ಬಂದು ನೆಲೆಸಿದರು. ಅಂದರೆ ನಮ್ಮ ಹುಡುಗರು ನೌಕರಿ ಹುಡುಕಿಕೊಂಡು ಹೋಗುವ ಅದೇ ಪುಣೆಯಲ್ಲಿ ಕುಳಿತು ಅವರು ಕಲಕತ್ತೆಯ ಗಲ್ಲಿಗಳನ್ನು ಬರೆದರು. ಬಾಸು ಚಟರ್ಜಿಯವರು ಇದನ್ನು ಹಿಂದಿಯಲ್ಲಿ ಧಾರಾವಾಹಿ ಮಾಡಿದರು. 1993ರಲ್ಲಿ ದೂರದರ್ಶನದಲ್ಲಿ ಮೊದಲ ಕಂತು, 1997ರಲ್ಲಿ ಎರಡನೆಯದು. ಬ್ಯೋಮಕೇಶನಾಗಿ ರಜಿತ್ ಕಪೂರ್, ಗೆಳೆಯ ಅಜಿತನಾಗಿ ಕೆ. ಕೆ. ರೈನಾ, ಸತ್ಯವತಿಯಾಗಿ ಸುಕನ್ಯಾ ಕುಲಕರ್ಣಿ.

ಟಿವಿಯಲ್ಲಿ ಬಂದಾಗ ನೋಡಿದವರು ನಮ್ಮಲ್ಲಿ ಇದ್ದೆವು. ಆದರೆ ಅದು ಎಂಥ ನೋಡುವಿಕೆ? ಮಾಳಿಗೆಯ ಮೇಲಿನ ಆ್ಯಂಟೆನಾ ಗಾಳಿಗೆ ತಿರುಗಿದರೆ ಕೊಲೆಗಾರನ ಮುಖದ ಮೇಲೆ ಚುಕ್ಕೆಗಳ ಮಳೆ. ಒಂದು ಮಾತು ತಪ್ಪಿತೆಂದರೆ ತಪ್ಪಿತು, ಮರಳಿ ಕೇಳುವ ಹಾದಿಯೇ ಇರಲಿಲ್ಲ. ಅದಕ್ಕೇ ಮುಂದೆ ಎಷ್ಟೋ ವರ್ಷಕ್ಕೆ ಅದರ ಡಿವಿಡಿಗಳು ಪುಣೆಯಿಂದ ನಮ್ಮ ಕೈಸೇರಿದಾಗ ನಮಗೆ ಹೊಸ ಧಾರಾವಾಹಿಯೇ ಸಿಕ್ಕ ಹಾಗಾಯಿತು. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಊಟ ಮುಗಿಸಿ ಒಬ್ಬರ ಮನೆಯಲ್ಲಿ ಚಾಪೆ ಹಾಸಿದರೆ ನಮ್ಮ ಬೈಠಕ್ ಸುರು. ನಾವು ಐದಾರು ಜನ, ನಮ್ಮ ಮನೆಯವರು, ಪಕ್ಕದ ಮರಾಠಿ ಶಾಲೆಯ ಒಬ್ಬ ಗುರುಜಿ, ಮೇಲಿನ ಇಯತ್ತೆಗಳ ಕೆಲವು ಹುಡುಗ ಹುಡುಗಿಯರು.

ಆಗ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗಿನ ಕಾಲ. 2005ರಿಂದ ಮೂರು ನಾಲ್ಕು ವರ್ಷ ಅದರ ಕಾಟ ಅನುಭವಿಸಿದವರಿಗೇ ಗೊತ್ತು. ಬ್ಯೋಮಕೇಶ ಎಲ್ಲರನ್ನೂ ಕೋಣೆಯಲ್ಲಿ ಕೂಡಿಸಿ, ಇನ್ನೇನು ಬಾಯಿ ತೆರೆಯಬೇಕು... ಢಪ್ ಅಂತ ಕರೆಂಟು ಹೋಗುತ್ತಿತ್ತು! ಮೊದಮೊದಲು ಬೈದೆವು. ಆಮೇಲೆ ಗೊತ್ತಾಯಿತು, ನಮ್ಮ ನಿಜವಾದ ಮಜಾ ಇರುವುದೇ ಅಲ್ಲಿ ಎಂದು. ಮತ್ತೆ ಕರೆಂಟು ಬರುವವರೆಗೆ ಮಾತಲ್ಲದೆ ಬೇರೆ ಕೆಲಸವಿಲ್ಲ. ಯಾರು ಕೊಂದಿರಬೇಕು, ಹೇಗೆ, ಯಾಕೆ? ಬೀಸಣಿಕೆ ಬೀಸಿಕೊಳ್ಳುತ್ತ ಎರಡು ತಾಸು ವಾದ. ಕರೆಂಟು ಬಂದ ಮೇಲೂ ಕೆಲವೊಮ್ಮೆ "ತಡೀರಿ, ಇನ್ನೂ ಹಚ್ಚಬ್ಯಾಡ್ರಿ, ನಂದು ಮುಗೀಲಿ" ಎಂದು ಯಾರಾದರೂ ತಡೆಯುತ್ತಿದ್ದರು.

ವಾದಕ್ಕೊಂದು ಕಟ್ಟಳೆಯೂ ತಾನಾಗಿ ಬಂತು. "ಆಂವ ಆವಾಗ ಬಾಗಲಾ ಕಡೆ ನೋಡಿದ್ದಾ" ಎಂದು ಒಬ್ಬರು ಅಂದರೆ, "ತೋರ್ಸ್ರಿ" ಎಂದು ಇನ್ನೊಬ್ಬರು. ಕರೆಂಟು ಬಂದ ಮೇಲೆ ಹಿಂದಕ್ಕೆ ಸರಿಸಿ ನೋಡುವುದು. ಇದ್ದರೆ ಸೈ, ಇಲ್ಲದಿದ್ದರೆ ಆ ಮಾತು ಬಿಟ್ಟುಕೊಡಬೇಕು. ಎಷ್ಟು ಸಲ ನೋಡಿದೆವೋ ಅಷ್ಟು ಸಲ ಒಂದು ಸಂಗತಿ ಕಂಡಿತು. ಮನುಷ್ಯ ಕಣ್ಣಿಂದ ನೋಡಿದ್ದಕ್ಕಿಂತ ಮನಸ್ಸಿನಲ್ಲಿ ಕೂಡಿಸಿಕೊಂಡದ್ದನ್ನೇ ಗಟ್ಟಿಯಾಗಿ ನಂಬುತ್ತಾನೆ.

ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ತಾನೂ ಪತ್ತೇದಾರಿ ಕಥೆಗಾರ. ಅವನು 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದ. ಓದುಗನಿಗೆ ತೋರಿಸದ ಸುಳಿವನ್ನು ಪತ್ತೇದಾರ ಬಚ್ಚಿಟ್ಟುಕೊಳ್ಳಬಾರದು ಎಂಬುದು ಅದರಲ್ಲೊಂದು. ಶರದಿಂದು ಈ ಪರೀಕ್ಷೆಯಲ್ಲಿ ಪಾಸಾಗುತ್ತಾರೋ ಇಲ್ಲವೋ ಎಂಬುದು ನಮ್ಮ ಬೈಠಕ್ಕಿನ ದೊಡ್ಡ ಚರ್ಚೆ. 'ಮಕಡೀ ಕಾ ರಸ್' ಕಥೆಯನ್ನೇ ತಗೊಳ್ಳಿ. (ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿರಿ!) ಮನೆಯವರೆಲ್ಲ ಕಾವಲಿದ್ದರೂ ಒಬ್ಬ ಮುದುಕನಿಗೆ ಜೇಡದ ವಿಷದ ನಶೆ ಹೇಗೋ ಸಿಗುತ್ತಲೇ ಇದೆ. ಮುದುಕನಿಗೆ ಬರೆಯುವ ಹುಚ್ಚು. ಅಜಿತ ಹೋಗಿ ನೋಡಿಕೊಂಡು ಬಂದು ಎಲ್ಲ ಹೇಳುತ್ತಾನೆ, ಬ್ಯೋಮಕೇಶ ಕೇಳಿಯೇ ಬಿಡಿಸುತ್ತಾನೆ. ವಿಷ ಇದ್ದದ್ದು ಕೆಂಪು ಮಸಿಯಲ್ಲಿ, ಮುದುಕ ಪೆನ್ನು ಬಾಯಿಗಿಟ್ಟು ಚೀಪುತ್ತಿದ್ದ! ಸುಳಿವು ಅಜಿತನ ಮಾತಿನಲ್ಲೇ ಇತ್ತು. ಅಜಿತನಿಗೂ ಕಂಡಿತ್ತು, ಆದರೆ ಕಂಡದ್ದರ ಬೆಲೆ ತಿಳಿದಿರಲಿಲ್ಲ. ದಿನವೂ ಕೆಂಪು ಮಸಿಯಲ್ಲಿ ಬದುಕುವ ನಾವು ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೋಮವಾರ ಶಾಲೆಯಲ್ಲಿ ಪೆನ್ನು ಕಚ್ಚುವ ಮಕ್ಕಳಿಗೆ ಉಳಿದ ಮಕ್ಕಳೇ ಬುದ್ಧಿ ಹೇಳುತ್ತಿದ್ದವು. 'ರಾಸ್ತೇ ಕಾ ಕಾಂಟಾ' ತೋರಿಸಿದ ಮೇಲಂತೂ ಯಾವ ಸೈಕಲ್ಲಿನ ಗಂಟೆ ಕೇಳಿದರೂ ಮಕ್ಕಳು ಎದೆಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು. ಅದರಲ್ಲಿ ಕೊಲೆಗಾರ ಸೈಕಲ್ ಗಂಟೆಯಿಂದಲೇ ಗ್ರಾಮೋಫೋನ್ ಪಿನ್ನು ಹಾರಿಸುತ್ತಾನಲ್ಲ!

ಭಾಷೆಯ ಮಾತೂ ಹೇಳಬೇಕು. ಬಂಗಾಲಿಯಲ್ಲಿ ಹುಟ್ಟಿದ ಕಥೆ, ಹಿಂದಿಯ ಧಾರಾವಾಹಿ, ಮರಾಠಿ ನೆಲದಲ್ಲಿ ಕುಳಿತು ಕನ್ನಡದಲ್ಲಿ ಚರ್ಚೆ. ನಮ್ಮ ಮಕ್ಕಳಿಗೆ ಕಠಿಣ ಹಿಂದಿ ಬಂದಾಗ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆವು. ಒಂದು ಶಬ್ದವನ್ನು ಮಾತ್ರ ಹೇಳಬೇಕಾಗಲೇ ಇಲ್ಲ. ತನ್ನನ್ನು ಡಿಟೆಕ್ಟಿವ್ ಎಂದರೆ ಬ್ಯೋಮಕೇಶನಿಗೆ ಹಿಡಿಸದು. ತಾನು 'ಸತ್ಯಾನ್ವೇಷಿ' ಎನ್ನುತ್ತಾನೆ. ಬಂಗಾಲಿಗೂ ಕನ್ನಡಕ್ಕೂ ಅದೇ ಶಬ್ದ. ಮರಾಠಿ ಗುರುಜಿಗೂ ತಿಳಿಯಿತು. ಅವರು ಬಾಬುರಾವ ಅರ್ನಾಳಕರರ ಝುಂಜಾರ, ಧನಂಜಯರ ಕಥೆಗಳನ್ನು ಓದಿ ಬೆಳೆದವರು. ನಾವು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಎದುರಿಗಿಟ್ಟೆವು. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದ ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು ಕನ್ನಡಿಗರಿಗೆ ಓದುವ ಹುಚ್ಚು ಹಚ್ಚಿದರು. ಇನ್ನೊಂದು ಸಂಗತಿ ಹೇಳಿದಾಗ ಮಕ್ಕಳು ಬೆರಗಾದರು. ನಾವು ನವೆಂಬರ್ 1ಕ್ಕೆ ನೆನೆಯುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ!

ಇನ್ನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ.

ಹಿಂದೆ ಒಂದು ಶಾಲೆಯಲ್ಲಿ ನಡೆದದ್ದು. ಊರು, ಶಾಲೆ, ವರ್ಷ ಯಾವುದೂ ಬೇಡ, ಹುಡುಗನ ಮರ್ಯಾದೆ ದೊಡ್ಡದು. ಆಗ ನಮ್ಮಲ್ಲಿ ಇಬ್ಬರು ಅಲ್ಲಿದ್ದೆವು, ಅಲ್ಲಿನ ಮಕ್ಕಳಿಗೂ ಈ ಡಿವಿಡಿಯ ಕೆಲವು ಕಥೆ ತೋರಿಸಿದ್ದೆವು. ಏಳನೇ ಇಯತ್ತೆಯ ಸಹಲಿಗೆಂದು ಮಕ್ಕಳೇ ಕೂಡಿಸಿದ್ದ ಸಾವಿರಕ್ಕೂ ಹೆಚ್ಚು ರೂಪಾಯಿ ಕಪಾಟಿನಿಂದ ಕಾಣೆಯಾಯಿತು. ತಾಸೊಪ್ಪತ್ತಿನಲ್ಲಿ ಊರಿಗೆ ಸುದ್ದಿ. ಮಧ್ಯಾಹ್ನಕ್ಕೆ ನಾಲ್ಕಾರು ಪಾಲಕರು ಬಂದು ನಿಂತರು. ಅವರ ಬಾಯಲ್ಲಿ ಒಂದೇ ಹೆಸರು. ಊರ ಹೊರಗೆ ಪಾಲ ಹಾಕಿಕೊಂಡಿದ್ದ ಒಂದು ಕುಟುಂಬದ ಹುಡುಗ. ಪುರಾವೆ? "ಅವರ ಜಾತೀನs ಅಂಥಾದ್ದು, ಅದಕ್ಕೇನ್ ಪುರಾವೆ ಬೇಕ್ರಿ ಗುರುಜಿ? ಅವನ ಚೀಲ ಝಾಡಸ್ರಿ."

ಈ ಮಾತು ಎಲ್ಲಿಂದ ಬಂತೆಂದು ಸೊಲ್ಲಾಪುರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1871ರಲ್ಲಿ ಬ್ರಿಟಿಷ್ ಸರಕಾರ ಒಂದು ಕಾಯದೆ ತಂದು ಜಾತಿ ಜಾತಿಗಳನ್ನೇ 'ಹುಟ್ಟು ಅಪರಾಧಿ'ಗಳೆಂದು ಬರೆದಿಟ್ಟಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂತು. ಸೊಲ್ಲಾಪುರದಲ್ಲಿ ತಂತಿ ಬೇಲಿಯೊಳಗೆ ಅಂಥ ಜನರನ್ನು ಇಟ್ಟರು. ಆ ಜಾಗಕ್ಕೆ ಇಂದಿಗೂ 'ಸೆಟ್ಲಮೆಂಟ್' ಎಂದೇ ಹೆಸರು. ಅಲ್ಲಿ ದಿನವೂ ಹಾಜರಿ. ನಾವು ಶಾಲೆಯಲ್ಲಿ ಕೂಗುವ ಹಾಜರಿ ಮಗು ಬಂತಲ್ಲ ಎಂಬ ಸಮಾಧಾನಕ್ಕೆ, ಅಲ್ಲಿಯ ಹಾಜರಿ ಓಡಿಹೋಗಿಲ್ಲವಲ್ಲ ಎಂಬ ಖಾತ್ರಿಗೆ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು ಆ ಕಾಯದೆ ಹೋಯಿತು. ಕಾಗದದ ಮೇಲಿಂದ ಹೋಯಿತು. ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಓದಿದವರಿಗೆ ಗೊತ್ತು, ಜನರ ಬಾಯಿಂದ ಅದು ಹೋಗಲಿಲ್ಲ. ಆ ದಿನ ನಮ್ಮ ಶಾಲೆಯ ಅಂಗಳಕ್ಕೂ ಅದೇ ಬಂದು ನಿಂತಿತ್ತು.

ನಾವು ಹೇಳಿದೆವು: ಚೀಲ ನೋಡುವುದಾದರೆ ಎಲ್ಲರದೂ, ನಮ್ಮದೂ. ಇಲ್ಲದಿದ್ದರೆ ಯಾರದೂ ಇಲ್ಲ. ಪಾಲಕರು ಗೊಣಗಿದರು. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಸರ, ಮೊದಲ ಯಾರ್ ಏನ್ ನೋಡ್ಯಾರ ಅದನ್ನ ಬರಿಯೂನ್ರಿ. ಬ್ಯೋಮಕೇಶ ಮೊದಲ ಹಂಗs ಕೇಳತಾನಲ್ರಿ?"

ಬೋರ್ಡಿನ ಮೇಲೆ ಮೂರು ಕಂಬಸಾಲು ಎಳೆದೆವು. ನೋಡಿದ್ದು, ಕೇಳಿದ್ದು, ಅಂದುಕೊಂಡದ್ದು. ಒಬ್ಬೊಬ್ಬರೇ ಹೇಳಬೇಕು, ಹೇಳಿದ ಮಾತು ಯಾವ ಸಾಲಿಗೆ ಹೋಗಬೇಕೆಂದು ವರ್ಗವೇ ತೀರ್ಮಾನಿಸಬೇಕು. ಪಾಲಕರನ್ನೂ ಕೂಡಿಸಿಕೊಂಡೆವು. ಅರ್ಧ ತಾಸಿನಲ್ಲಿ ಬೋರ್ಡು ತುಂಬಿತು. ಆ ಹುಡುಗನ ಹೆಸರು ಮೂರನೆಯ ಸಾಲಿನಲ್ಲಿ ಆರೇಳು ಸಲ, ಎರಡನೆಯದರಲ್ಲಿ ಎರಡು ಸಲ ಬಂತು. ಮೊದಲನೆಯ ಸಾಲಿನಲ್ಲಿ ಒಂದೂ ಸಲ ಇಲ್ಲ. ಯಾರೂ ಏನೂ ಹೇಳದೆ ಬೋರ್ಡನ್ನೇ ನೋಡುತ್ತ ಕುಳಿತರು.

ಆಗ ಲೆಕ್ಕದ ವಹಿ ಹಿಡಿದ ಹುಡುಗಿ ಹಾಳೆ ತಿರುವಿ ಓದಿದಳು. ಆ ಹುಡುಗನೂ ಸಹಲಿನ ಹಣ ಕಟ್ಟಿದ್ದ. ಒಮ್ಮೆಗೇ ಅಲ್ಲ, ಹತ್ತು, ಐದು, ಹತ್ತು ಹೀಗೆ ಆರು ಸಲ. "ಅಂದ್ರ ಅವನ ರೊಕ್ಕಾನೂ ಹೋಗ್ಯಾವಲ್ರಿ" ಎಂದಳು. ಹಿಂದಿನ ಬೆಂಚಿನ ಒಬ್ಬ ಕೂಡಲೇ ತಕರಾರು ತೆಗೆದ: "ಅದು ಪುರಾವೆ ಅಲ್ರಿ ಸರ, ಕಟ್ಟಿದಾಂವನೂ ತಗೀಬಹುದು." ಇನ್ನೊಬ್ಬ ಅಂದ: "ಹಂಗಾರ ಕಟ್ಟಿದವರೆಲ್ಲಾರೂ ತಗೀಬಹುದು. ಬರೇ ಅವನ ಹೆಸರ ಯಾಕ?" ನಮಗೆ ಮಾತೇ ಉಳಿಯಲಿಲ್ಲ. ಪಾಲಕರು ಒಬ್ಬೊಬ್ಬರಾಗಿ ಎದ್ದು ಹೋದರು. ಚೀಲ ಯಾರದೂ ಝಾಡಿಸಲಿಲ್ಲ.

ಹಣ ಸಿಕ್ಕಿತೆ? ಸಿಗಲಿಲ್ಲ. ಇಂದಿಗೂ ಗೊತ್ತಿಲ್ಲ. ಧಾರಾವಾಹಿಗೂ ಶಾಲೆಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಕಂತು ಮುಗಿಯುವುದರೊಳಗೆ ಕಳ್ಳ ಸಿಗಲೇಬೇಕು. ಇಲ್ಲಿ ಸಿಗದಿದ್ದರೆ ಸಿಗಲಿಲ್ಲ ಎಂದು ಒಪ್ಪಿಕೊಂಡು ಬದುಕಬೇಕು, ಕೈಗೆ ಸಿಕ್ಕ ಬಡವನನ್ನು ಕಳ್ಳನ ಜಾಗದಲ್ಲಿ ನಿಲ್ಲಿಸಬಾರದು. ನಾವು ಮಾಸ್ತರರು, ಊರಿನ ನಾಲ್ಕು ಜನ ವರ್ಗಣಿ ಹಾಕಿ ಸಹಲು ಹೊರಡಿಸಿದೆವು. ವಿಜಾಪುರದ ಗೋಳಗುಮ್ಮಟದಲ್ಲಿ ಮಕ್ಕಳು ಪಿಸುಗುಟ್ಟಿ ನೋಡಿದರು. ಒಂದು ಮಾತು ಏಳು ಸಲ ಮರಳಿ ಬರುತ್ತದೆ ಎಂದು ಗೈಡು ಹೇಳಿದ. "ನಮ್ಮ ಊರಾಗಿನ ಸುದ್ದಿ ಹಂಗs" ಎಂದು ಅದೇ ಹುಡುಗ ಅಂದಾಗ ಎಲ್ಲರೂ ನಕ್ಕರು, ಅವನೂ ನಕ್ಕ. ಮುಂದೆ ಅವನು ಹತ್ತನೇ ಇಯತ್ತೆ ಪಾಸಾದ ಎಂಬ ಸುದ್ದಿ ಮಾತ್ರ ನಮಗೆ ಖಾತ್ರಿಯಾಗಿ ಬಂದಿದೆ. ಇದು ಕೇಳಿದ್ದಲ್ಲ, ಗುಣಪತ್ರಿಕೆ ನೋಡಿದ್ದು!

2020ರ ಮಾರ್ಚ್ 28ರಿಂದ, ಲಾಕ್‌ಡೌನಿನಲ್ಲಿ, ದೂರದರ್ಶನ ಬ್ಯೋಮಕೇಶನನ್ನು ಮತ್ತೆ ತೋರಿಸಿತು. ಶಾಲೆ ಮುಚ್ಚಿತ್ತು, ನಾವು ಅವರವರ ಮನೆಯಲ್ಲೇ ನೋಡಿ ಫೋನಿನಲ್ಲಿ ವಾದಿಸಿದೆವು. ಅದೇ ಜೂನ್ 4ರಂದು ಬಾಸು ಚಟರ್ಜಿಯವರು ತೀರಿಕೊಂಡರು. ಆ ದಿನಗಳಲ್ಲೇ ರೋಗ ಯಾರು ತಂದರು, ಯಾವ ಊರಿನವರು ತಂದರು ಎಂಬ ಸುದ್ದಿಗಳು ಮೊಬೈಲಿನಲ್ಲಿ ಹಾರಾಡುತ್ತಿದ್ದವು. ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ ಅಂಥದೊಂದು ಸುದ್ದಿಗೆ ಬರೆದ ಉತ್ತರವನ್ನು ಯಾರೋ ತೋರಿಸಿದರು. ಎರಡೇ ಶಬ್ದ: "ಯಾವ ಸಾಲು?"

ಡಿವಿಡಿ ಪ್ಲೇಯರು ಈಗ ಧೂಳು ತಿನ್ನುತ್ತಿದೆ. ಮಕ್ಕಳ ಕೈಯಲ್ಲಿ ಮೊಬೈಲು ಬಂದಿದೆ. ಅದರಲ್ಲಿ ಮುಂದೆ ಮುಂದೆ ಸರಿಸುವುದು ಸುಲಭ, ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡುವವರು ಕಡಿಮೆ. ಕನ್ನಡ ಶಾಲೆಯ ಬಾಂಧವರೇ, ಗಡಿಯ ಆಚೆಯವರಿರಲಿ, ಈಚೆಯವರಿರಲಿ, ಒಂದು ಶನಿವಾರ ನಿಮ್ಮ ಮಕ್ಕಳೊಂದಿಗೆ ಕುಳಿತು ಒಂದು ಕಥೆ ನೋಡಿರಿ. ಕೊನೆಯ ಐದು ನಿಮಿಷಕ್ಕೆ ಮೊದಲು ನಿಲ್ಲಿಸಿರಿ. ಈಗ ಕರೆಂಟು ತಾನಾಗಿ ಹೋಗುವುದಿಲ್ಲ, ನಾವೇ ನಿಲ್ಲಿಸಬೇಕು. ಆಮೇಲೆ ಬೋರ್ಡಿನ ಮೇಲೆ ಮೂರು ಸಾಲು ಎಳೆದು ಖಡು ಮಕ್ಕಳ ಕೈಗೆ ಕೊಡಿರಿ. ಪುಸ್ತಕದಲ್ಲಿ ಇಲ್ಲದ ಪಾಠ, ಆದರೆ ಪರೀಕ್ಷೆ ಮಾತ್ರ ಜೀವನಪೂರ್ತಿ ಇರುತ್ತದೆ. ಏನಂತೀರಿ?