ನಾವಿಬ್ಬರು, ಎರಡು ಸೈಕಲ್ಲು ಮತ್ತು ಸ್ಲೊವೇನಿಯಾ

"ಸ್ಲೊವೇನಿಯಾಕ್ಕೆ ಹೋಗ್ತಿದ್ದೀವಿ, ಸೈಕಲ್ ಹೊಡೆಯೋದಕ್ಕೆ" ಎಂದು ನಮ್ಮ ಸಂಘದ ಪಿಕ್‌ನಿಕ್ಕಿನಲ್ಲಿ ಹೇಳಿದಾಗ ಮೂರು ಜನ "ಓ, ಸ್ಲೊವಾಕಿಯಾನಾ!" ಎಂದರು. ನಾಲ್ಕನೆಯವರು "ಡಾಕ್ಟ್ರೇ, ಈ ವಯಸ್ಸಿನಲ್ಲಿ ಸೈಕಲ್ಲಾ?" ಎಂದರು. ಅವರ ಪ್ರಶ್ನೆಯೇ ಸರಿಯಾದದ್ದು. ನನಗೀಗ ಐವತ್ತಾರು. ಬಿ.ಪಿ. ಮಾತ್ರೆ ಶುರುವಾಗಿ ನಾಲ್ಕು ವರ್ಷ. ದಿನವಿಡೀ ರೋಗಿಗಳಿಗೆ ವ್ಯಾಯಾಮದ ಉಪದೇಶ ಮಾಡಿ, ಸಂಜೆ ಮನೆಗೆ ಬಂದು ಸೋಫಾದ ಮೇಲೆ ಉರುಳುವ ಪೈಕಿ ನಾನು.

ಹೊರಟ ಕಾರಣ ಬೇರೆಯೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಒಬ್ಬಳೇ ಮಗಳನ್ನು ಸ್ಯಾನ್ ಡಿಯಾಗೋದ ಯೂನಿವರ್ಸಿಟಿಗೆ ಬಿಟ್ಟು ಲಾಸ್ ಏಂಜಲೀಸಿಗೆ ಮರಳುವಾಗ, ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಮಾತಾಡಲು ಏನಿದೆ? ಹದಿನೆಂಟು ವರ್ಷ ನಮ್ಮ ಮಾತೆಲ್ಲ ಅವಳ ಭರತನಾಟ್ಯದ ಕ್ಲಾಸು, ಕನ್ನಡ ಶಾಲೆ, ಪರೀಕ್ಷೆಗಳ ಸುತ್ತಲೇ ಸುತ್ತಿತ್ತು. ಆಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ಟಿ.ವಿ. ಒಂದೇ ಮಾತಾಡುತ್ತಿತ್ತು. ಮಕ್ಕಳನ್ನು ಕಾಲೇಜಿಗೆ ಕಳಿಸಿದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಶನಿವಾರ ನನ್ನ ಶ್ರೀಮತಿ ಗರಾಜಿನಲ್ಲಿ ಧೂಳು ಹಿಡಿದಿದ್ದ ಮಗಳ ಸೈಕಲ್ಲನ್ನು ಒರೆಸಿ, ಗಾಳಿ ತುಂಬಿ ಹೊರಟೇಬಿಟ್ಟಳು. ಶಿವಮೊಗ್ಗದಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ಅವಳು. ನಾನೂ ದಾವಣಗೆರೆಯಲ್ಲಿ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತವನೇ. ಮರುವಾರ ನನಗೂ ಒಂದು ಬಂತು. ವಾರಕ್ಕೊಮ್ಮೆ ಸ್ಯಾನ್ ಗೇಬ್ರಿಯಲ್ ನದಿಯ ದಂಡೆಯ ದಾರಿ ಹಿಡಿದು ಸೀಲ್ ಬೀಚ್‌ವರೆಗೆ. ವಸಂತದಲ್ಲಿ ಧೈರ್ಯ ಮಾಡಿ, ಸೈಕಲ್ಲುಗಳನ್ನು ಸರ್ಫ್‌ಲೈನರ್ ರೈಲಿಗೆ ಹಾಕಿ ಓಷನ್‌ಸೈಡ್‌ನಲ್ಲಿಳಿದು, ಕಾರ್ಲ್ಸ್‌ಬ್ಯಾಡ್, ಎನ್ಸಿನೀಟಸ್, ಡೆಲ್ ಮಾರ್ ದಾಟಿ ಲಾ ಹೋಯಾದಲ್ಲಿ ಮಗಳನ್ನು ನೋಡಲು ಹೋದೆವು. ಟೋರಿ ಪೈನ್ಸ್ ಏರಿನಲ್ಲಿ ನಾನು ಇಳಿದು ತಳ್ಳಿದೆ. ಮೇಲೆ ಕಾದಿದ್ದ ಮಗಳು ಫೋಟೋ ತೆಗೆದು ಇಡೀ ಬಳಗಕ್ಕೆ ಕಳಿಸಿದಳು.

ಸ್ಲೊವೇನಿಯಾ ನನ್ನ ಆಯ್ಕೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 2020, 2021, 2024, 2025ರಲ್ಲಿ ಗೆದ್ದ ತದೇಯ್ ಪೊಗಾಚಾರ್ ಆ ದೇಶದವನು. ವಿಸ್ತೀರ್ಣದಲ್ಲಿ ಕರ್ನಾಟಕದ ಹತ್ತನೆಯ ಒಂದು ಪಾಲಿನಷ್ಟು, ಜನಸಂಖ್ಯೆ ಸುಮಾರು ಇಪ್ಪತ್ತೊಂದು ಲಕ್ಷ. ಯುಗೊಸ್ಲಾವಿಯಾದಿಂದ ಬಿಡಿಸಿಕೊಂಡು 1991ರಲ್ಲಿ ಸ್ವತಂತ್ರವಾದ ದೇಶ. ಅಷ್ಟು ಸಣ್ಣ ಊರಿನವರು ಇಷ್ಟು ಚೆನ್ನಾಗಿ ತುಳಿಯುತ್ತಾರೆಂದರೆ ನೋಡಬೇಕಲ್ಲ! ಷೆಂಗೆನ್ ಪ್ರದೇಶಕ್ಕೆ ಸೇರಿರುವುದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾ ಮಾಡಿಸಿಕೊಳ್ಳಬೇಕು.

2025ರ ಸೆಪ್ಟೆಂಬರಿನಲ್ಲಿ ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಇಳಿದೆವು. ಊರ ನಡುಮಧ್ಯದಲ್ಲಿ ಮೋಟಾರು ವಾಹನಗಳ ಗದ್ದಲವಿಲ್ಲ. ಮುಖ್ಯ ಚೌಕದಲ್ಲಿ ನಿಂತಿರುವುದು ರಾಜನ ಪ್ರತಿಮೆಯಲ್ಲ, ಫ್ರಾಂತ್ಸೆ ಪ್ರೆಶೆರೆನ್ ಎಂಬ ಕವಿಯದು, 1905ರಲ್ಲಿ ನಿಲ್ಲಿಸಿದ್ದು. ಅವನು ತೀರಿಕೊಂಡ ಫೆಬ್ರವರಿ 8 ಅಲ್ಲಿ ಸರ್ಕಾರಿ ರಜೆ. ಆ ಭಾಷೆಯ ಮೊದಲ ಅಚ್ಚಿನ ಪುಸ್ತಕ ಬಂದದ್ದು 1550ರಲ್ಲಿ, ಅದೂ ಜರ್ಮನಿಯಲ್ಲಿ. 2011ರ ಜನಗಣತಿಯ ಪ್ರಕಾರ ನಾವು ಕನ್ನಡಿಗರು ನಾಲ್ಕು ಕೋಟಿಗೂ ಮಿಕ್ಕಿ ಇದ್ದೇವೆ, ಆದರೂ ಭಾಷೆ ಉಳಿಯುತ್ತದೋ ಇಲ್ಲವೋ ಎಂದು ಪ್ರತಿ ವರ್ಷ ಭಾಷಣ ಮಾಡುತ್ತೇವೆ. ಆ ಪ್ರತಿಮೆಯ ಕೆಳಗೆ ಕೂತು ಚಟ್ನಿಪುಡಿ ಸ್ಯಾಂಡ್‌ವಿಚ್ ತಿನ್ನುವಾಗ ಸ್ವಲ್ಪ ನಾಚಿಕೆಯೇ ಆಯಿತು.

ಮರುದಿನ ಬಸ್ಸಿನಲ್ಲಿ ಆಲ್ಪ್ಸ್ ಬುಡದ ಮೊಯ್‌ಸ್ತ್ರಾನಾಕ್ಕೆ ಹೋಗಿ ಸೈಕಲ್ ಬಾಡಿಗೆಗೆ ಪಡೆದೆವು. ಅಲ್ಲಿಂದ ಕ್ರಾನ್‌ಸ್ಕಾ ಗೋರಾಕ್ಕೆ ಒಳ್ಳೆಯ ಸೈಕಲ್ ದಾರಿಯಿದೆ. 1870ರಲ್ಲಿ ಹಾಕಿ, 1960ರ ದಶಕದಲ್ಲಿ ನಿಲ್ಲಿಸಿದ ರೈಲು ಹಳಿಯ ಜಾಗ ಅದು. ರೈಲು ಹತ್ತಲಾರದ ಏರು ಅಲ್ಲಿಲ್ಲ, ಹಾಗಾಗಿ ನಮ್ಮಂಥವರಿಗೂ ಕಷ್ಟವಿಲ್ಲ. ಒಂದು ಕಡೆ ಹೊಲ, ಹುಲ್ಲು ಒಣಗಿಸುವ ಮರದ ಚೌಕಟ್ಟುಗಳು, ಇನ್ನೊಂದು ಕಡೆ ಬೂದು ಬಂಡೆಯ ಬೆಟ್ಟಗಳು. ಸಂಜೆ ಹುರುಳಿಯಲ್ಲದ ಹುರುಳಿ, ಅಂದರೆ ಬಕ್‌ವೀಟ್ ಹಿಟ್ಟಿನ ಜ್ಗಾಂತ್ಸಿ ಎಂಬ ತಿನಿಸು ಸಿಕ್ಕಿತು. ರಾಗಿಮುದ್ದೆಯನ್ನು ಪುಡಿಮಾಡಿದ ಹಾಗಿರುತ್ತದೆ. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಮೇಲೆ ಹಂದಿಯ ಕೊಬ್ಬಿನ ಚೂರು ಉದುರಿಸುವುದುಂಟು, ಬೇಡವೆಂದು ಮೊದಲೇ ಹೇಳಿ.

ನಾವು ಉಳಿದ ಮನೆಯ ಅಜ್ಜಿಗೆ ನಾನು ಕಲಿತ ನಾಲ್ಕು ಮಾತು ತೋರಿಸಲು ಹೋಗಿ ಎರಡು ಕಾಫಿ ಕೇಳಿದೆ. ಅವರು ನಕ್ಕು ತಿದ್ದಿದರು. ಒಂದು ಕಾಫಿಯಾದರೆ 'ಕಾವ', ಎರಡಾದರೆ 'ಕಾವಿ', ಮೂರಾದರೆ 'ಕಾವೆ'. ಹೈಸ್ಕೂಲಿನ ಸಂಸ್ಕೃತದ ಮೇಷ್ಟ್ರು ಕಣ್ಣ ಮುಂದೆ ಬಂದರು: ರಾಮಃ, ರಾಮೌ, ರಾಮಾಃ! ದ್ವಿವಚನ ಇನ್ನೂ ಜೀವಂತವಾಗಿ ಅಡುಗೆಮನೆಯಲ್ಲಿ ಓಡಾಡಿಕೊಂಡಿದೆ. ಗಂಡಹೆಂಡತಿಯಂತೆ ಇಬ್ಬರೇ ಇದ್ದಾಗ 'ನಾವು' ಎನ್ನಲು 'ಮಿದ್ವಾ', ಮೂವರೋ ಹೆಚ್ಚೋ ಆದರೆ 'ಮಿ'.

ಮರುದಿನ ವರ್ಶಿಚ್ ಘಾಟಿ. ಎತ್ತರ 1,611 ಮೀಟರ್, ಕ್ರಾನ್‌ಸ್ಕಾ ಗೋರಾ ಕಡೆಯಿಂದ 24 ತಿರುವು, ಪ್ರತಿ ತಿರುವಿಗೂ ನಂಬರಿನ ಫಲಕ. ಶ್ರೀಮತಿ ಬ್ಯಾಟರಿ ಸೈಕಲ್ ತೆಗೆದುಕೊಂಡಳು. ನಾನು "ಅದೇನು ಸೈಕಲ್ಲೇ?" ಎಂದು ಹಾಸ್ಯಮಾಡಿ ಮಾಮೂಲಿಯದನ್ನೇ ಹತ್ತಿದೆ. ಎಂಟನೆಯ ತಿರುವಿನ ಹತ್ತಿರ ಮರದ ಪುಟ್ಟ ರಷ್ಯನ್ ಗುಡಿಯಿದೆ. ಮೊದಲ ಮಹಾಯುದ್ಧದಲ್ಲಿ ಈ ರಸ್ತೆಯ ಕೆಲಸಕ್ಕೆ ಹಚ್ಚಿದ್ದ ರಷ್ಯನ್ ಕೈದಿಗಳು 1916ರ ಮಾರ್ಚಿನಲ್ಲಿ ಹಿಮಪಾತಕ್ಕೆ ಸಿಕ್ಕಿ ಸತ್ತರು. ಬದುಕುಳಿದವರು ಅವರ ನೆನಪಿಗೆ ಕಟ್ಟಿದ್ದು. ಅಲ್ಲಿ ಇಳಿದು ಗಡಿಯಾರ ನೋಡಿದೆ. ನಾಡಿ 168. 220ರಲ್ಲಿ 56 ಕಳೆದರೆ 164. ಎದೆನೋವೇನಿಲ್ಲ, ಆದರೆ ಉಸಿರು ಸಾಲುತ್ತಿಲ್ಲ. ರೋಗಿಯೊಬ್ಬ ಹೀಗೆ ಹೇಳಿದ್ದರೆ ನಾನೇನು ಹೇಳುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ಆದರೂ "ಹತ್ತು ನಿಮಿಷ ಕೂತು ಹತ್ತೋಣ" ಎಂದೆ.

ಅವಳು ನೀರಿನ ಬಾಟಲಿ ಕೊಟ್ಟು, ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ರೀ, ಮಗಳು ಹೋದ ಮೇಲೆ ಮನೇಲಿ ಇರೋದೇ ಇಬ್ಬರು. ಅದನ್ನ ಒಂದು ಮಾಡಬೇಡಿ" ಎಂದಳು.

ಜಗಳವಿಲ್ಲ, ಉಪದೇಶವಿಲ್ಲ. ನನ್ನ ಎಂ.ಡಿ. ಡಿಗ್ರಿ ಹೇಳಲಾಗದ್ದನ್ನು ಅವಳು ಹೇಳಿಬಿಟ್ಟಿದ್ದಳು. ಅಲ್ಲೇ ಅರ್ಧ ಗಂಟೆ ಕೂತೆವು. ವರ್ಷದಲ್ಲಿ ಆಡದಷ್ಟು ಮಾತಾಡಿದೆವು: ಅವಳ ಖಾಲಿ ಮಧ್ಯಾಹ್ನಗಳು, ಊರಿನಲ್ಲಿರುವ ನನ್ನ ಅಮ್ಮ, ರಿಟೈರ್ ಆದ ಮೇಲೆ ಎಲ್ಲಿರುವುದು. ಆಮೇಲೆ ಸೈಕಲ್ ತಿರುಗಿಸಿ ಇಳಿದುಬಂದೆವು. ಉಳಿದ ಹದಿನಾರು ತಿರುವು ಇನ್ನೂ ಅಲ್ಲೇ ಇವೆ.

ವಾಪಸು ಬಂದು ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ. ಸದ್ಯ ಎಲ್ಲ ಸರಿಯಿದೆ. ಐವತ್ತು ದಾಟಿದ ಸ್ನೇಹಿತರೇ, ನೀವು ಇದನ್ನು ಏರು ಹತ್ತುವ ಮೊದಲೇ ಮಾಡಿಸಿ. ಬ್ಯಾಟರಿ ಸೈಕಲ್ಲನ್ನು ಹಾಸ್ಯಮಾಡಬೇಡಿ.

ಮುಂದಿನ ವಾರಾಂತ್ಯ ಸ್ಯಾನ್ ಡಿಯಾಗೋದಲ್ಲಿ ಮಗಳಿಗೆ ಅವಳಮ್ಮ ಈ ಕಥೆಯನ್ನೆಲ್ಲ ಹೇಳಿ, 'ಮಿದ್ವಾ' ಎಂದರೇನೆಂದೂ ವಿವರಿಸಿದಳು. ಮಗಳು ಸ್ವಲ್ಪ ಯೋಚಿಸಿ, "ಅಪ್ಪಾ, ನೆಕ್ಸ್ಟ್ ಟೈಮ್ ನಾನೂ ಬರ್ತೀನಿ. ಆಗ ಏನಂತಾರೆ?" ಎಂದಳು.

"ಮಿ" ಎಂದೆವು, ನಾವಿಬ್ಬರೂ ಒಟ್ಟಿಗೇ.